ಮುನ್ನಡೆಯೇ ಗೆಲುವಲ್ಲ: ಲಕ್ಷ್ಯ ಸೇನ್ ಅವರ ಆಟದಿಂದ ಒಂದು ಪಾಠ

ಕಬಡ್ಡಿಯಲ್ಲಾಗಲಿ ಹಾಕಿಯಲ್ಲಾಗಲಿ ಮುಂದಿರುವ ತಂಡಕ್ಕೆ ಗಡಿಯಾರವೇ ಅರ್ಧ ಬಲ. ಉಳಿದ ಹೊತ್ತನ್ನು ಹೇಗೋ ಕಳೆದರೆ ಗೆಲುವು ಕೈಸೇರುತ್ತದೆ. ಬ್ಯಾಡ್ಮಿಂಟನ್ನಿನಲ್ಲಿ ಈ ಅನುಕೂಲವಿಲ್ಲ. ಇಲ್ಲಿ ಹೇಳಲಿರುವ ಪಂದ್ಯಗಳೆಲ್ಲ ನಡೆದ ನಿಯಮದಂತೆ 21 ಪಾಯಿಂಟುಗಳನ್ನು ಮೊದಲು ಮುಟ್ಟಿದವರಿಗೆ ಒಂದು ಗೇಮ್; ಇಬ್ಬರೂ 20ರಲ್ಲಿ ನಿಂತರೆ ಮುಂದೆ ಎರಡು ಪಾಯಿಂಟುಗಳ ಅಂತರ ಬೇಕು; ಮೂರರಲ್ಲಿ ಎರಡು ಗೇಮ್ ಗೆದ್ದವರೇ ವಿಜಯಿಗಳು. ಎಷ್ಟೇ ಮುಂದಿದ್ದರೂ ಕೊನೆಯ ಪಾಯಿಂಟನ್ನು ಆಡಿಯೇ ಗೆಲ್ಲಬೇಕು. ಈ ಮಾತಿನ ಅರ್ಥವನ್ನು ಲಕ್ಷ್ಯ ಸೇನ್ ಎಂಬ ತರುಣ ಆಟಗಾರರ ಬಾಳಿನಲ್ಲಿ ಸ್ಪಷ್ಟವಾಗಿ ಕಾಣಬಹುದು.

ಇವರು ಹುಟ್ಟಿದ್ದು 2001ರ ಆಗಸ್ಟ್ 16ರಂದು, ಹಿಮಾಲಯದ ಮಡಿಲಿನ ಆಲ್ಮೋರದಲ್ಲಿ. ತಂದೆ ಡಿ. ಕೆ. ಸೇನ್ ಬ್ಯಾಡ್ಮಿಂಟನ್ ತರಬೇತುದಾರರು; ಅಣ್ಣ ಚಿರಾಗ್ ಕೂಡ ಆಟಗಾರರೇ. ಹತ್ತು ವರ್ಷದ ಆಸುಪಾಸಿನಲ್ಲಿ ಲಕ್ಷ್ಯ ಬೆಂಗಳೂರಿಗೆ ಬಂದು, ಪ್ರಕಾಶ್ ಪಡುಕೋಣೆಯವರ ಅಕಾಡೆಮಿಯನ್ನು ಸೇರಿದರು. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದು ತಂದ ಕನ್ನಡಿಗರು 1994ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಅಲ್ಲಿ ವಿಮಲ್ ಕುಮಾರ್ ಅವರ ಶಿಕ್ಷಣವೂ ಈ ಹುಡುಗನಿಗೆ ದೊರೆಯಿತು. ಮನೆಯ ಅಂಗಳ ಬಿಟ್ಟು ಬಹು ದೂರದ ಊರಿನಲ್ಲಿ, ಅರಿಯದ ಭಾಷೆಯ ನಡುವೆ ಬೆಳೆಯುವುದು ಆ ವಯಸ್ಸಿಗೆ ಸಣ್ಣ ಪರೀಕ್ಷೆಯಲ್ಲ.

ಫಲ ಬೇಗನೆ ಕಾಣಿಸಿತು. 2018ರಲ್ಲಿ ಏಷ್ಯಾದ ಕಿರಿಯರ ಪ್ರಶಸ್ತಿಯೂ, ಅದೇ ವರ್ಷ ಬ್ಯೂನಸ್ ಐರಿಸ್‌ನ ಯುವ ಒಲಿಂಪಿಕ್ಸಿನಲ್ಲಿ ಬೆಳ್ಳಿಯೂ ಬಂದವು. 2021ರಲ್ಲಿ ಸ್ಪೇನಿನ ಹುಯೆಲ್ವದಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಕಂಚು. 2022ರ ಮಾರ್ಚಿನಲ್ಲಿ ಆಲ್ ಇಂಗ್ಲೆಂಡ್ ಅಂತಿಮ ಪಂದ್ಯದ ಪ್ರವೇಶ.

2022ರ ಎರಡು ಪಂದ್ಯಗಳನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮೇ ತಿಂಗಳಲ್ಲಿ ಬ್ಯಾಂಕಾಕಿನ ಥಾಮಸ್ ಕಪ್ ಅಂತಿಮ ಹಣಾಹಣಿಯಲ್ಲಿ ಭಾರತದ ಮೊದಲ ಪಂದ್ಯ ಲಕ್ಷ್ಯರದು. ಇಂಡೋನೇಷ್ಯದ ಗಿಂಟಿಂಗ್ ಎದುರು ಮೊದಲ ಗೇಮನ್ನು 8-21ರಿಂದ ಕಳೆದುಕೊಂಡರು. ಅಲ್ಲಿಂದ ಚೇತರಿಸಿಕೊಂಡು 21-17, 21-16ರಿಂದ ಗೆದ್ದರು. ಭಾರತ 3-0ರಿಂದ ಮೊತ್ತಮೊದಲ ಬಾರಿಗೆ ಆ ಕಪ್ಪನ್ನು ಪಡೆಯಿತು. ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಕ್ರೀಡೆಗಳ ಅಂತಿಮ ಪಂದ್ಯದಲ್ಲಿಯೂ ಹಾಗೆಯೇ: ಮೊದಲ ಗೇಮ್ 19-21ರಿಂದ ಹೋಯಿತು, ಚಿನ್ನ ಬಂದಿತು. ಹಿಂದೆ ಬಿದ್ದಾಗ ಎದೆಗುಂದದ ಗುಣ ಇವರಲ್ಲಿ ಧಾರಾಳವಾಗಿತ್ತು.

ಆದರೆ 2024ರ ಪ್ಯಾರಿಸ್ ಒಲಿಂಪಿಕ್ಸ್ ಇನ್ನೊಂದು ಪ್ರಶ್ನೆಯನ್ನು ಮುಂದಿಟ್ಟಿತು. ಅಲ್ಲಿ ಪುರುಷರ ಸಿಂಗಲ್ಸ್ ಸೆಮಿಫೈನಲ್ ತಲಪಿದ ಮೊದಲ ಭಾರತೀಯರಾದರು ಲಕ್ಷ್ಯ. ಎದುರಾಳಿ, ಟೋಕಿಯೋದಲ್ಲಿ ಚಿನ್ನ ಗೆದ್ದಿದ್ದ ಡೆನ್ಮಾರ್ಕಿನ ಆಕ್ಸೆಲ್ಸನ್. ಮೊದಲ ಗೇಮಿನಲ್ಲಿ 20-17ರಿಂದ ಮುಂದಿದ್ದರು. ಬೇಕಿದ್ದುದು ಒಂದೇ ಪಾಯಿಂಟ್. ಅದು ಸಿಗಲಿಲ್ಲ, ಗೇಮ್ 20-22 ಆಯಿತು. ಎರಡನೆಯದರಲ್ಲಿ 7-0ರಿಂದ ಮುಂದಿದ್ದೂ 14-21ರಿಂದ ಸೋತರು. ಕಂಚಿನ ಪಂದ್ಯದಲ್ಲಿ ಮಲೇಷ್ಯದ ಲೀ ಝೀ ಜಿಯಾ ಎದುರು ಮೊದಲ ಗೇಮನ್ನು 21-13ರಿಂದ ಗೆದ್ದು, ಬಳಿಕ 16-21, 11-21ರಿಂದ ಸೋತರು. ಅಂದು ಮೊಣಕೈಯಿಂದ ರಕ್ತ ಸೋರುತ್ತಿತ್ತು. ಪಟ್ಟಿ ಕಟ್ಟಿಸಿಕೊಂಡು ಆಡಿದರು. ದಕ್ಕಿದ್ದು ನಾಲ್ಕನೆಯ ಸ್ಥಾನ.

ಹಿಂದೆ ಬಿದ್ದವನಿಗೆ ಕಳೆದುಕೊಳ್ಳಲು ಏನೂ ಇಲ್ಲ. ಅವನ ಕೈ ಸಡಿಲವಾಗಿ ಆಡುತ್ತದೆ. ಮುಂದಿರುವವನಿಗೋ ಗೆಲುವು ಕಣ್ಣಿಗೆ ಬಿದ್ದಿರುತ್ತದೆ. ಮನಸ್ಸು ಶಟಲನ್ನು ಬಿಟ್ಟು ಪದಕದ ಕಡೆಗೆ ಓಡುತ್ತದೆ; ಕೈ ಬಿಗಿಯುತ್ತದೆ. ಸೋಲನ್ನು ಸಹಿಸುವುದೊಂದು ವಿದ್ಯೆಯಾದರೆ ಗೆಲುವಿನ ಸಮೀಪದಲ್ಲಿ ನಿಶ್ಚಲವಾಗಿರುವುದು ಮತ್ತೊಂದು ವಿದ್ಯೆ. ಮೊದಲನೆಯದು ಬಂದವರಿಗೆ ಎರಡನೆಯದು ತಾನಾಗಿ ಬರುವುದಿಲ್ಲ.

ಆ ಎರಡನೆಯ ವಿದ್ಯೆಯನ್ನೂ ಕಲಿಯಬಹುದೆಂಬುದಕ್ಕೆ ಅವರ ಆಟವೇ ಸಾಕ್ಷಿ. 2025ರ ನವೆಂಬರಿನಲ್ಲಿ ಸಿಡ್ನಿಯ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್ಲಿನಲ್ಲಿ ಒಂದು ಗೇಮ್ ಸೋತು ಗೆದ್ದ ಲಕ್ಷ್ಯ, ಮರುದಿನದ ಅಂತಿಮ ಪಂದ್ಯದಲ್ಲಿ ಜಪಾನಿನ ಯೂಷಿ ತನಾಕರನ್ನು 21-15, 21-11ರಿಂದ ನೇರವಾಗಿ ಸೋಲಿಸಿದರು. ಅಂದು ಸಿಕ್ಕಿದ ಮುನ್ನಡೆ ಕೈಜಾರಲಿಲ್ಲ.

ವಿದ್ಯಾರ್ಥಿ ಮಿತ್ರರೆ, ನಾವು ಪ್ಯಾರಿಸ್ಸಿಗೆ ಹೋಗಬೇಕಾಗಿಲ್ಲ. ವರ್ಷವೆಲ್ಲ ಚೆನ್ನಾಗಿ ಓದಿ, ಇನ್ನೇನು ಆಯಿತೆಂದು ಕೊನೆಯ ಹದಿನೈದು ದಿನ ಮೈಮರೆತವರು ನಮ್ಮ ನಡುವೆಯೇ ಇಲ್ಲವೆ? 20-17 ಎಂಬ ಅಂಕೆ ನಮ್ಮೆಲ್ಲರ ಬಾಳಿನಲ್ಲಿಯೂ ಒಮ್ಮೆ ಬರುತ್ತದೆ. ಆಗ ನೆನಪಿರಬೇಕಾದುದು ಇಷ್ಟೆ: ಕೊನೆಯ ಪಾಯಿಂಟ್ ಇನ್ನೂ ಆಡುವುದಿದೆ.