ಹುರುಳಿಕಾಯಿಯ ರೋಗಗಳು: ಔಷಧವೂ ಜೀವಿಯೂ

ಮಾಗಡಿ ಸೀಮೆಯ ಸೋಲೂರಿನಲ್ಲಿ ಹೆದ್ದಾರಿಯನ್ನು ಬಿಟ್ಟು ಸ್ವಲ್ಪ ದೂರ ನಡೆದರೆ ಕೆಂಪು ಮಣ್ಣಿನ ಹೊಲಗಳು ಕಾಣುತ್ತವೆ. ರಾಗಿ, ಅವರೆಗಳು ಈ ಸೀಮೆಯ ಹಳೆಯ ಬೆಳೆಗಳು. ನಾವು ಬೀನ್ಸ್ ಎಂದು ಕರೆಯುವ ಹುರುಳಿಕಾಯಿಯಾದರೋ ಅಮೆರಿಕ ಖಂಡದಿಂದ ಬಂದ ಅತಿಥಿ. ಎರಡು ತಿಂಗಳಲ್ಲಿ ಕೈಗೆ ಬರುವ ಈ ಬೆಳೆಗೆ ರೋಗ ತಗುಲಿತೆಂದರೆ ರೈತನ ಶ್ರಮವೂ ಸಾಲದ ಹಣವೂ ಮಣ್ಣುಪಾಲಾಗುತ್ತವೆ. ಆತನು ಆತುರದಿಂದ ಕೈಗೆ ಸಿಕ್ಕಿದ ಔಷಧವನ್ನು ಸಿಂಪಡಿಸುತ್ತಾನೆ. ಅದು ಫಲಿಸುವುದೇ? ಶತ್ರುವು ಯಾವುದು, ಎಲ್ಲಿದೆ ಎಂಬುದನ್ನು ಅರಿಯದೆ ಉತ್ತರ ಹೇಳಲಾಗದು.

ಮೊದಲು ಎಲೆಯನ್ನು ನೋಡೋಣ. ತಿಳಿಯಾದ ಇರುಳಿನಲ್ಲಿ ಎಲೆಯು ತನ್ನ ಶಾಖವನ್ನು ಆಕಾಶಕ್ಕೆ ವಿಕಿರಣ ಮಾಡಿ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಅದರ ಮೇಲೆ ಇಬ್ಬನಿ ಕಟ್ಟುತ್ತದೆ. ಗಾಳಿಯಲ್ಲಿ ತೇಲಿಬಂದ ತುಕ್ಕುರೋಗದ ಬೀಜಕಣವು ಈ ತೇವದಲ್ಲಿ ಮೊಳೆತು, ಎಲೆಯ ಉಸಿರುರಂಧ್ರವನ್ನು ಅರಸುತ್ತ ಹರಿಯುತ್ತದೆ. ಕಣ್ಣಿಲ್ಲದ ಶಿಲೀಂಧ್ರಕ್ಕೆ ರಂಧ್ರವು ಗೊತ್ತಾಗುವುದು ಹೇಗೆ? 1987ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ಲಾಸ್ಟಿಕ್ ಹಾಳೆಯ ಮೇಲೆ ಅತಿಸೂಕ್ಷ್ಮ ಏಣುಗಳನ್ನು ನಿರ್ಮಿಸಿ ಪರೀಕ್ಷಿಸಿದರು. ಏಣಿನ ಎತ್ತರವು ಸುಮಾರು ಅರ್ಧ ಮೈಕ್ರೋಮೀಟರ್ ಇದ್ದಾಗ, ಅದನ್ನೇ ರಂಧ್ರದ ತುಟಿಯೆಂದು ಬಗೆದು ಶಿಲೀಂಧ್ರವು ಒಳಹೊಗುವ ಅಂಗವನ್ನು ರಚಿಸಿತು!

ಒಳಹೊಕ್ಕ ಮೇಲೆ ಎಲೆಯ ಮೇಲಣ ಲೇಪವು ಅದನ್ನು ಮುಟ್ಟಲಾರದು. ಆದುದರಿಂದ ತುಕ್ಕಿಗೆ ಗಂಧಕವನ್ನಾಗಲಿ, ಬ್ಯಾಕ್ಟೀರಿಯಾದ ಅಂಗಮಾರಿಗೆ ತಾಮ್ರವನ್ನಾಗಲಿ ಮೊದಲೇ ಲೇಪಿಸಿರಬೇಕು. ಈ ತತ್ತ್ವವು ನಮ್ಮ ನಾಡಿಗೆ ಹೊಸದಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಮೈಲುತುತ್ತ 1 ಕಿಲೋಗ್ರಾಂ, ಸುಣ್ಣ 1 ಕಿಲೋಗ್ರಾಂ, ನೀರು 100 ಲೀಟರ್: ಇದು ಶೇಕಡಾ 1ರ ದ್ರಾವಣ. ಆದರೆ ತಾಮ್ರವು ಮೂಲವಸ್ತು, ಕೊಳೆತು ಇಲ್ಲವಾಗುವಂಥದಲ್ಲ. ಮಿತಿಮೀರಿದರೆ ಅದು ಮಣ್ಣಿನಲ್ಲಿ ಶೇಖರವಾಗುತ್ತದೆ.

ಇನ್ನು ಬೇರಿನ ಕಡೆಗೆ ಬರೋಣ. ಬೇರನ್ನು ಕೊಳೆಯಿಸುವ ರೈಜೋಕ್ಟೋನಿಯಾ ಎಂಬ ಶಿಲೀಂಧ್ರವು ಮಣ್ಣಿನಲ್ಲಿ ವಾಸಿಸುತ್ತದೆ. ಎಲೆಗೆ ಸಿಂಪಡಿಸಿದ ಲೇಪವು ಅಲ್ಲಿಗೆ ತಲುಪದು. ಇಲ್ಲಿ ಜೀವಿಯನ್ನು ಜೀವಿಯಿಂದಲೇ ಗೆಲ್ಲಬಹುದು. ಟ್ರೈಕೋಡರ್ಮ ಎಂಬ ಹಸಿರು ಶಿಲೀಂಧ್ರವು ಶತ್ರುವಿನ ಎಳೆಗಳನ್ನು ಸುತ್ತಿಕೊಂಡು, ಕಿಣ್ವಗಳಿಂದ ಅದರ ಕೋಶಭಿತ್ತಿಯನ್ನು ಕರಗಿಸಿ ತಿನ್ನುತ್ತದೆಂದು 1932ರಲ್ಲಿ ವೈಂಡ್ಲಿಂಗ್ ಎಂಬವರ ಸಂಶೋಧನೆಯಿಂದ ಆರಂಭವಾದ ಅಧ್ಯಯನಗಳು ತೋರಿಸಿವೆ. ಪ್ರತಿ ಕಿಲೋಗ್ರಾಂ ಬೀಜಕ್ಕೆ ಸುಮಾರು 4 ಗ್ರಾಂ ಪುಡಿಯನ್ನು ಲೇಪಿಸಿ ಬಿತ್ತುವುದು, ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಅದನ್ನು ಬೆಳೆಸಿ ಹೊಲಕ್ಕೆ ಸೇರಿಸುವುದು ವಾಡಿಕೆ. ಒಂದು ಎಚ್ಚರಿಕೆ: ಟ್ರೈಕೋಡರ್ಮವೂ ಶಿಲೀಂಧ್ರವೇ. ಅದೇ ಬೀಜಕ್ಕೆ ಶಿಲೀಂಧ್ರನಾಶಕವನ್ನೂ ಹಚ್ಚಿದರೆ ನಮ್ಮ ಮಿತ್ರನನ್ನು ನಾವೇ ಕೊಂದಂತಾಗುತ್ತದೆ.

ಮೊಸಾಯಿಕ್ ರೋಗದ ಕಾರಣವಾದರೋ ವೈರಸ್. ಅದಕ್ಕೆ ಶಿಲೀಂಧ್ರನಾಶಕವೂ ಇಲ್ಲ, ಟ್ರೈಕೋಡರ್ಮವೂ ಇಲ್ಲ. ಶುದ್ಧ ಬೀಜವೂ ರೋಗಿಷ್ಠ ಗಿಡಗಳನ್ನು ಕಿತ್ತೊಗೆಯುವುದೂ ಉಪಾಯಗಳು. ಎಲ್ಲಕ್ಕಿಂತ ಅಗ್ಗದ ರಕ್ಷಣೆ ಗಿಡದ ಸ್ವಂತ ನಿರೋಧಶಕ್ತಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ರೂಪಿಸಿದ ‘ಅರ್ಕಾ ಅನೂಪ್’ ತಳಿಯು ತುಕ್ಕನ್ನೂ ಬ್ಯಾಕ್ಟೀರಿಯಾದ ಅಂಗಮಾರಿಯನ್ನೂ ತಡೆಯಬಲ್ಲದು.

ಎಲೆಯ ಶತ್ರುವಿಗೆ ಮುಂಚಿತವಾದ ಲೇಪ, ಮಣ್ಣಿನ ಶತ್ರುವಿಗೆ ಮಣ್ಣಿನ ಮಿತ್ರ, ವೈರಸ್ಸಿಗೆ ಶುದ್ಧ ಬೀಜ. ಹಳ್ಳಿಗೆ ಹಿಂದಿರುಗುವ ವಿದ್ಯಾರ್ಥಿಯು, ಬಾಡಿದ ಗಿಡವನ್ನು ಕಂಡೊಡನೆ ಔಷಧದ ಅಂಗಡಿಗೆ ಓಡದೆ, ಮೊದಲು ಅದನ್ನು ಬೇರುಸಹಿತ ಕಿತ್ತು ನೋಡಲಿ.