ತಂಬೂರಿಯ ನಾದ

ವೀಣೆ, ಸಿತಾರ್, ಸರೋದ್ ಮೊದಲಾದ ತಂತೀವಾದ್ಯಗಳ ಬಳಗಕ್ಕೆ ಸೇರಿದುದಾದರೂ ತಂಬೂರಿಯು ರಾಗವನ್ನು ನುಡಿಸುವುದಿಲ್ಲ. ಅದಕ್ಕೆ ಮೆಟ್ಟಿಲುಗಳಿಲ್ಲ, ತಂತಿಯನ್ನು ಬೆರಳಿನಿಂದ ಒತ್ತುವ ಕ್ರಮವೂ ಇಲ್ಲ. ಗಾಯಕರ ಹಿಂದೆ ಕುಳಿತ ಶಿಷ್ಯನು ನಾಲ್ಕು ತಂತಿಗಳನ್ನು ಒಂದಾದ ಮೇಲೊಂದರಂತೆ ಮೀಟುತ್ತಿರುವುದನ್ನು ಕಂಡು, ‘ಇದೇನು ಮಹಾ ವಿದ್ಯೆ!’ ಎಂದುಕೊಳ್ಳುವವರು ನಮ್ಮಲ್ಲಿ ಅನೇಕರು. ಆದರೆ ಆ ನಾಲ್ಕನ್ನು ಶ್ರುತಿಗೂಡಿಸುವುದೇ ಒಂದು ವಿದ್ಯೆ.

ಮಹಾರಾಷ್ಟ್ರದ ಮಿರಜ ಪಟ್ಟಣವು 19ನೆಯ ಶತಮಾನದಿಂದಲೂ ತಂಬೂರಿಗೆ ಹೆಸರಾದುದು. ಒಣಗಿಸಿದ ದೊಡ್ಡ ಸೋರೆಬುರುಡೆಗೆ ಮರದ ಹಲಗೆಯನ್ನೂ ಟೊಳ್ಳು ದಂಡಿಯನ್ನೂ ಅಲ್ಲಿ ಕೂಡಿಸುವರು. ತಂಜಾವೂರಿನ ತಂಬೂರಿಗಾದರೋ ಹಲಸಿನ ಮರ.

ವಾದ್ಯದ ಗುಟ್ಟೆಲ್ಲ ಕುದುರೆಯಲ್ಲಿದೆ. ಪಿಟೀಲಿನ ಕುದುರೆ ತೆಳುವಾದುದು. ತಂಬೂರಿಯದು ಅಗಲವಾಗಿದ್ದು ಮೇಲ್ಮೈ ತುಸು ಬಾಗಿರುವುದು. ಕಂಪಿಸುವ ತಂತಿಯು ಈ ಬಾಗನ್ನು ಮತ್ತೆ ಮತ್ತೆ ತಾಕುತ್ತದೆ. ತಂತಿಗೂ ಕುದುರೆಗೂ ನಡುವೆ ನೂಲಿನ ಎಳೆಯೊಂದನ್ನು ಸೇರಿಸಿ ತುಸುತುಸುವೆ ಸರಿಸುತ್ತ ಹೋದರೆ, ಒಂದೆಡೆ ಮಂಕಾದ ಧ್ವನಿಯು ಥಟ್ಟನೆ ಅರಳಿ ಝೇಂಕರಿಸುವುದು. ಆ ಎಳೆಗೆ ‘ಜೀವ’ವೆಂದೇ ಹೆಸರು. ತಂತಿಯನ್ನು ಮೀಟಿದ ಸ್ಥಾನಕ್ಕನುಸಾರವಾಗಿ ಕೆಲವು ಉಪಸ್ವರಗಳು ಹುಟ್ಟಬಾರದೆಂಬುದು ಭೌತಶಾಸ್ತ್ರದ ನಿಯಮ. ತಂಬೂರಿಯಲ್ಲಿ ಅವೂ ಕೇಳಿಬರುತ್ತವೆಂದೂ ಅದಕ್ಕೆ ಈ ಕುದುರೆಯೇ ಕಾರಣವೆಂದೂ ಸಿ. ವಿ. ರಾಮನ್ನರು 1921ರಲ್ಲಿ ತೋರಿಸಿದರು.

ಮೊದಲ ತಂತಿ ಪಂಚಮ, ನಡುವಿನೆರಡು ಷಡ್ಜ, ಕೊನೆಯದು ಮಂದ್ರ ಷಡ್ಜ. ಮಾಲಕೌಂಸದಂತೆ ಪಂಚಮವಿಲ್ಲದ ರಾಗವಾದರೆ ಹಿಂದುಸ್ತಾನಿ ಗಾಯಕರು ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸುವುದುಂಟು. ಚೆನ್ನಾಗಿ ಕೂಡಿದ ತಂಬೂರಿಯಲ್ಲಿ ಯಾವ ತಂತಿಗೂ ಕಟ್ಟದ ಸ್ವರವೊಂದು ಕೇಳುತ್ತದೆ. ಅದೇ ಗಾಂಧಾರ! ಮಂದ್ರ ಷಡ್ಜದ ಕಂಪನಸಂಖ್ಯೆಯ ಐದು ಪಟ್ಟಾದ ಉಪಸ್ವರವದು.

ಮಿರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರ ಗಾಯನವು ಇಂತಹ ಸ್ವರಶುದ್ಧಿಗೆ ಪ್ರಸಿದ್ಧವಾಗಿತ್ತು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಸವಾಯಿ ಗಂಧರ್ವರಲ್ಲಿ ಕಲಿತವರು.

ಈಗ ವಿದ್ಯುತ್ ಪೆಟ್ಟಿಗೆಯಿಂದಲೂ ಕೈಫೋನಿನಿಂದಲೂ ತಂಬೂರಿಯ ನಾದ ಹೊರಡುತ್ತದೆ. ನಗರದ ಇಕ್ಕಟ್ಟಾದ ಮನೆಗಳಿಗೆ ಅದು ಅನುಕೂಲವೇ, ನಾವದನ್ನು ಹಳಿಯುವುದಿಲ್ಲ. ಆದರೆ ಬಿರಡೆಯನ್ನು ತಿರುಗಿಸುತ್ತ ತಪ್ಪು ಸ್ವರದಿಂದ ಸರಿಯಾದ ಸ್ವರಕ್ಕೆ ಸಾಗುವ ಕಿವಿಯ ಪಾಠವನ್ನು ಪೆಟ್ಟಿಗೆಯು ಕಲಿಸಲಾರದು. ನಿಮ್ಮ ಸಂಗೀತದ ಗುರುಗಳ ಮನೆಯಲ್ಲಿ ತಂಬೂರಿಯಿದ್ದರೆ, ಅವರ ಅಪ್ಪಣೆ ಪಡೆದು ಕೊನೆಯ ತಂತಿಯೊಂದನ್ನೇ ಮೆಲ್ಲನೆ ಮೀಟಿ, ಕಣ್ಣು ಮುಚ್ಚಿ ಆ ಗಾಂಧಾರವನ್ನು ಹುಡುಕಿರಿ. ಮೊದಲ ದಿನವೇ ಕೇಳಿಸದಿರಬಹುದು.