ನಾಲ್ಕು ಜನರ ತಂಡ, ಎರಡು ವಾರದ ಗಡುವು

ಶಿವಮೊಗ್ಗದ ಅಡಿಕೆ ಮಂಡಿಯೊಂದಕ್ಕೆ ತೂಕ, ಪಟ್ಟಿ, ರೈತರ ಖಾತೆ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿಕೊಟ್ಟ ನಾಲ್ಕು ಜನರಲ್ಲಿ ನಾನೂ ಒಬ್ಬ. ಎರಡು ವಾರಕ್ಕೊಂದು ಸ್ಪ್ರಿಂಟ್, ದಿನಾ ಬೆಳಿಗ್ಗೆ ಸ್ಟ್ಯಾಂಡ್‌ಅಪ್, ಗೋಡೆಯ ಮೇಲೆ ಚೀಟಿಗಳು. ಅಜೈಲ್ ಎಂದರೆ ಇಷ್ಟೇ ಎಂದುಕೊಂಡು ಶುರುಮಾಡಿದ್ದೆವು.

1. ಬಳಸುವವರ ಕೈಗೆ ಮೊದಲ ವಾರದಲ್ಲೇ ಕೊಡಿ.

ಮೊದಲ ಎರಡು ಸ್ಪ್ರಿಂಟ್ ಲಾಗಿನ್, ಪಾಸ್‌ವರ್ಡ್, ವರದಿಗಳಲ್ಲೇ ಕಳೆದವು. ಡೆಮೊ ನೋಡಿದವರೂ ನಾವೇ, ಮೆಚ್ಚಿಕೊಂಡವರೂ ನಾವೇ. ಮೂರನೆಯದರ ಕೊನೆಗೆ ಲ್ಯಾಪ್‌ಟಾಪ್ ಹಿಡಿದು ಮಂಡಿಗೆ ಹೋದೆವು. ತಕ್ಕಡಿಯ ಪಕ್ಕ ಕೂತಿದ್ದ ಹಿರಿಯ ಗುಮಾಸ್ತರು ಪರದೆ ನೋಡಿ, "ಒಂದೊಂದು ಚೀಲದ ತೂಕ ಎಲ್ಲಿ ಬರೀಲಿ ತಮ್ಮಾ?" ಎಂದರು. ನಾವು ಇಟ್ಟಿದ್ದು ಒಟ್ಟು ತೂಕಕ್ಕೆ ಒಂದೇ ಖಾನೆ. ಅವರ ಚೀಟಿಯಲ್ಲಿ 28 ಚೀಲಕ್ಕೆ 28 ಅಂಕಿ, ಕೆಳಗೆ ಮೊತ್ತ, ಅದರಲ್ಲಿ ಖಾಲಿ ಚೀಲದ ತೂಕ ವಜಾ. ರಾಶಿ, ಬೆಟ್ಟೆ, ಗೊರಬಲು ಹೀಗೆ ಅಡಿಕೆಯ ಬಗೆಗಳೆಲ್ಲಕ್ಕೂ ಬೇರೆ ಬೇರೆ ಲೆಕ್ಕ. ಎಡಗೈಯಲ್ಲಿ ಚೀಟಿ, ಬಲಗೈ ಅಂಕಿಯ ಕೀಲಿಗಳ ಮೇಲೆ. ಮೌಸ್ ಮುಟ್ಟಲು ಅವರಿಗೆ ಪುರುಸೊತ್ತೇ ಇಲ್ಲ, ರೈತರು ಎದುರಿಗೇ ನಿಂತಿದ್ದಾರೆ.

2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಬರೆದ ಅಜೈಲ್ ಪ್ರಣಾಳಿಕೆ, ದಪ್ಪ ದಾಖಲೆಗಿಂತ ಕೆಲಸ ಮಾಡುವ ಸಾಫ್ಟ್‌ವೇರ್ ದೊಡ್ಡದು ಎನ್ನುತ್ತದೆ. ಅದನ್ನು ನಾವು ಓದಿದ್ದೆವು. ಯಾರ ಕೆಲಸ ಎಂದು ಕೇಳಿಕೊಂಡಿರಲಿಲ್ಲ. ಮಂಡಿಗೆ ಹೋದ ಆ ದಿನದಿಂದ ಪ್ರತಿ ಡೆಮೊ ತಕ್ಕಡಿಯ ಪಕ್ಕದಲ್ಲೇ ನಡೆಯಿತು.

2. ಸ್ಟ್ಯಾಂಡ್‌ಅಪ್‌ನಲ್ಲಿ ವರದಿ ಬೇಡ, ತೊಡಕು ಕೇಳಿ.

ಅಜೈಲ್‌ನ ಒಂದು ಪದ್ಧತಿಯಾದ ಸ್ಕ್ರಮ್ ಈ ದಿನದ ಸಭೆಗೆ 15 ನಿಮಿಷ ಕೊಡುತ್ತದೆ. ಒಂದೇ ಕೋಣೆಯಲ್ಲಿ ಕೂರುವ ನಾಲ್ವರಿಗೆ ನಿನ್ನೆ ಯಾರು ಏನು ಮಾಡಿದರೆಂಬುದು ಗೊತ್ತೇ ಇರುತ್ತದೆ. ಗೊತ್ತಾಗದೆ ಉಳಿಯುವುದು ಬೇರೆಯೇ. ತಂಡದ ಕಿರಿಯ ಹುಡುಗಿ ಮೂರು ದಿನ "ಇವತ್ತು ಮುಗಿಯುತ್ತೆ" ಎನ್ನುತ್ತಲೇ ಇದ್ದಳು. ಮಂಡಿಯ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ಕನ್ನಡದ ಒತ್ತಕ್ಷರಗಳು ಮುರಿದು ಬೀಳುತ್ತಿದ್ದವು. ನಾಲ್ಕನೆಯ ದಿನ ಪಕ್ಕ ಕೂತು ನೋಡಿದೆ. ಪಟ್ಟಿಯನ್ನು ಚಿತ್ರವಾಗಿ ಮುದ್ರಿಸುವ ದಾರಿ ಮಧ್ಯಾಹ್ನದೊಳಗೆ ಸಿಕ್ಕಿತು. "ಏನಾಯಿತು" ಎಂಬ ಪ್ರಶ್ನೆ ಬಿಟ್ಟು "ಎಲ್ಲಿ ಸಿಕ್ಕಿಕೊಂಡಿದೆ" ಎಂದು ಕೇಳತೊಡಗಿದ ಮೇಲೆ ಅವಳೇ ಮೊದಲು ಬಾಯಿಬಿಡುತ್ತಾಳೆ.

3. ಒಂದು ಮುಗಿಸಿ ಇನ್ನೊಂದು ಹಿಡಿಯಿರಿ.

ಒಮ್ಮೆ ಗೋಡೆಯ ಮೇಲೆ ಒಂಬತ್ತು ಚೀಟಿ "ನಡೆಯುತ್ತಿದೆ" ಎಂಬ ಸಾಲಿನಲ್ಲಿದ್ದವು, ಕೆಲಸ ಮಾಡುವವರು ನಾಲ್ವರು. ಎರಡಕ್ಕಿಂತ ಹೆಚ್ಚು ಇರಕೂಡದೆಂದು ಗೆರೆ ಎಳೆದೆವು. ಕೈ ಖಾಲಿಯಾದವರು ಪಕ್ಕದವರ ಚೀಟಿಗೇ ಕೈಜೋಡಿಸಬೇಕು. ಮೊದಲ ವಾರ ಎಲ್ಲರಿಗೂ ಕಿರಿಕಿರಿ.

4. ಪಾಯಿಂಟ್ ಲೆಕ್ಕ ಬಿಟ್ಟರೂ ನಡೆಯುತ್ತದೆ.

ಕೆಲಸದ ಗಾತ್ರ ಅಂದಾಜಿಸುವ ಸ್ಟೋರಿ ಪಾಯಿಂಟ್‌ ಕುರಿತ ಚರ್ಚೆಗೆ ಪ್ರತಿ ಸಲ ಅರ್ಧ ದಿನ ಹೋಗುತ್ತಿತ್ತು. ಈಗ ಯಾವ ಕೆಲಸವನ್ನಾದರೂ ಎರಡು ದಿನದಷ್ಟಕ್ಕೆ ಒಡೆಯುತ್ತೇವೆ, ಚೀಟಿ ಎಣಿಸುತ್ತೇವೆ. ಪ್ರಣಾಳಿಕೆಗೆ ಸಹಿ ಹಾಕಿದ ರಾನ್ ಜೆಫ್ರೀಸ್ ಅವರೇ ಪಾಯಿಂಟ್‌ಗಳ ಬಗ್ಗೆ ವಿಷಾದ ಬರೆದುಕೊಂಡಿದ್ದಾರೆ.

5. ರೆಟ್ರೋದಲ್ಲಿ ಹಿರಿಯರು ಕೊನೆಗೆ ಮಾತಾಡಲಿ.

ರೆಟ್ರೋ ಎಂದರೆ ಸ್ಪ್ರಿಂಟ್ ಮುಗಿದ ಮೇಲೆ ಹಿಂತಿರುಗಿ ನೋಡುವ ಸಭೆ. ನಾಲ್ಕೇ ಜನ ಇದ್ದಾಗ ತಪ್ಪಿಗೆ ಮುಖವಿರುತ್ತದೆ, ಅದಕ್ಕೇ ಯಾರೂ ಹೇಳುವುದಿಲ್ಲ. ತಂಡದ ಹಿರಿಯನಾದ ನಾನು ಮೊದಲು ಮಾತಾಡಿದರೆ ಉಳಿದವರು ಹೌದೆನ್ನುತ್ತಿದ್ದರು. ಕ್ರಮ ತಿರುಗಿಸಿದೆವು. ಮೊದಲ ಸಲವೇ ಆ ಕಿರಿಯ ಹುಡುಗಿ, "ಸರ್, ನನ್ನ ಕೋಡ್ ನಿಮ್ಮ ರಿವ್ಯೂಗೆ ಎರಡೆರಡು ದಿನ ಕಾಯುತ್ತೆ" ಎಂದಳು. ಲೆಕ್ಕ ಹಾಕಿ ನೋಡಿದೆ, ನಿಜವಿತ್ತು. ಈಗ ಬೆಳಿಗ್ಗೆ ಬಂದ ಕೂಡಲೇ ಅವಳ ಕೋಡ್ ತೆರೆಯುತ್ತೇನೆ, ಆಮೇಲೆ ನನ್ನದು.